ಗೆಸೀನೆ ಬ್ರೋಡರ್ಸನ್ ರಸ್ತೆ

ಹೊಲ್ಟೆನ್‌ಬೆಕ್ ನಗರಸಭೆಯ ನಾಮಕರಣ ನಿಯಮಾವಳಿಯ ಪ್ರಕಾರ ಜೀವಂತ ವ್ಯಕ್ತಿಗಳ ಹೆಸರನ್ನು ಯಾವ ರಸ್ತೆಗೂ ಇಡತಕ್ಕದ್ದಲ್ಲ. ಕವಯಿತ್ರಿ, ಕಾದಂಬರಿಕಾರ್ತಿ ಗೆಸೀನೆ ಬ್ರೋಡರ್ಸನ್ ಅವರ ಹೆಸರನ್ನು ಮಾರ್ಚ್ ಹನ್ನೊಂದರಂದು ಒಂದು ರಸ್ತೆಗೆ ಇಡಲಾಯಿತು. ಆ ಹೊತ್ತಿನಲ್ಲಿ ಅವರು ಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ಸುಲಿಯುತ್ತಿದ್ದರು.

ಇದರಲ್ಲಿ ಯಾರ ತಪ್ಪೂ ಇಲ್ಲ. ಊರಿನ ರಸ್ತೆಗಳೆಲ್ಲ ಗಂಡಸರ ಹೆಸರಿನಲ್ಲೇ ಇವೆಯೆಂದು ದೂರು ಬಂದು, ತುರ್ತಾಗಿ ಒಬ್ಬ ದಿವಂಗತ ಲೇಖಕಿ ಬೇಕಾಗಿದ್ದರು. ಗೆಸೀನೆಯವರ ಕೊನೆಯ ಕವನ ಸಂಕಲನ ಬಂದು ಒಂಬತ್ತು ವರ್ಷವಾಗಿತ್ತು. ನಾಮಕರಣ ಸಮಿತಿ ಸಹಜವಾದ ತೀರ್ಮಾನಕ್ಕೆ ಬಂತು.

ಮರುವಾರ ರಸ್ತೆ ಇಲಾಖೆಯ ಕ್ರುಮ್‌ಬೈನ್ ಎಂಬ ಅಧಿಕಾರಿ ಮನೆಗೆ ಬಂದ.

“ಮೇಡಂ, ನೀವು ಇದೀರಿ ಅಂತ ಗೊತ್ತಾಗಿ ಆಫೀಸಲ್ಲಿ ಎಲ್ಲರಿಗೂ ಬೇಜಾರಾಯ್ತು.”

“ನನಗೂ ಕೆಲವು ದಿನ ಹಾಗೇ ಆಗುತ್ತೆ. ಬೋರ್ಡು ಕಿತ್ತುಬಿಡಿ.”

“ಆಗಲ್ಲ. ಆ ರಸ್ತೆಯ ನೂರಾ ನಲವತ್ತು ಜನ ಆಗಲೇ ಗುರುತಿನ ಚೀಟಿ ಬದಲಾಯಿಸ್ಕೊಂಡಿದಾರೆ. ಅದಕ್ಕಿಂತ ನೀವೊಬ್ಬರು ಬದಲಾದ್ರೆ ಸುಲಭ.” ಅವನು ಮರಣ ಘೋಷಣೆಯ ಒಂದು ನಮೂನೆ ಮುಂದಿಟ್ಟ. “ಉಸಿರಾಡೋದಕ್ಕೆ ನಮ್ಮ ಅಭ್ಯಂತರ ಇಲ್ಲ. ಅದು ಆರೋಗ್ಯ ಇಲಾಖೆ ವಿಷಯ.”

“ಕಾದಂಬರಿ ಒಂದು ಮುಗಿಸಿಟ್ಟಿದೀನಿ ಕಣಪ್ಪ. ಐದು ಜನ ಪ್ರಕಾಶಕರು ವಾಪಸ್ ಕಳಿಸಿದಾರೆ.”

“ಬದುಕಿರೋರದ್ದು ಅಂತ ಕಳಿಸಿರ್ತಾರೆ,” ಎಂದ ಕ್ರುಮ್‌ಬೈನ್, ಕೋಟು ಹಾಕಿಕೊಳ್ಳುತ್ತ.

ಅವನನ್ನು ಆಚೆ ಹಾಕಬೇಕೆಂದಿದ್ದ ಗೆಸೀನೆಯವರಿಗೆ ಆ ಮಾತು ಮೂರು ದಿನ ತಲೆಯಿಂದ ಇಳಿಯಲಿಲ್ಲ. ಕೊನೆಗೆ, ಮೊದಲು ಕಾದಂಬರಿ ತಿರಸ್ಕರಿಸಿದ್ದ ಪ್ರಕಾಶಕಿ ಒಟೀಲಿಯಾಗೆ ಫೋನ್ ಮಾಡಿದರು.

“ನಾನು ತೀರಿಕೊಂಡ್ರೆ ಪುಸ್ತಕ ತರ್ತೀಯಾ?”

“ಯಾವಾಗ?” ಕ್ಯಾಲೆಂಡರ್ ಹಾಳೆ ತಿರುವುವ ಸದ್ದು ಕೇಳಿಸಿತು. “ಅಕ್ಟೋಬರ್ ಪುಸ್ತಕ ಮೇಳದ ಒಳಗೆ ಆದ್ರೆ ಎಲ್ಲರಿಗೂ ಅನುಕೂಲ.”

ಗೆಸೀನೆ ಕ್ರುಮ್‌ಬೈನ್ ಬಿಟ್ಟುಹೋಗಿದ್ದ ನಮೂನೆಗೆ ಸಹಿ ಹಾಕಿದರು.

ಕಾದಂಬರಿ ಬಂತು. ಮೊದಲು ಅವರ ಬರಹವನ್ನು ‘ಒಣಕಲು’ ಎನ್ನುತ್ತಿದ್ದ ವಿಮರ್ಶಕರು ಈಗ ಅದನ್ನು ‘ಸಂಯಮ’ ಎಂದರು. ಬಿಡುಗಡೆಯ ದಿನ ನಟಿಯೊಬ್ಬಳು ವೇದಿಕೆಯ ಮೇಲೆ ಅವರ ಕವಿತೆ ಓದಿ, ನಡುವೆ ಎರಡು ಸಾಲು ಹಾರಿಸಿಬಿಟ್ಟಳು. ಸಭಾಂಗಣದ ಹಿಂದಿನ ಸಾಲಿನಲ್ಲಿದ್ದ ಗೆಸೀನೆಗೆ ತಡೆಯಲಾಗಲಿಲ್ಲ. ಎದ್ದು ನಿಂತು ಆ ಎರಡು ಸಾಲು ಹೇಳಿದರು.

“ಕೂತ್ಕೊಳ್ಳಿ ಅಮ್ಮ,” ಎಂದರು ಪಕ್ಕದ ಮುದುಕರು, ಕಣ್ಣೊರೆಸಿಕೊಳ್ಳುತ್ತ. “ಹೋದವರಿಗೆ ಸ್ವಲ್ಪ ಮರ್ಯಾದೆ ಕೊಡಿ.”

ಗೆಸೀನೆ ಕೂತರು. ಆದರೆ ಮೂವತ್ತು ವರ್ಷದಲ್ಲಿ ತಮ್ಮ ಕವಿತೆ ಕೇಳಿ ಯಾರಾದರೂ ಅತ್ತಿದ್ದನ್ನು ಅವರು ನೋಡಿದ್ದು ಇದೇ ಮೊದಲು. ಮನೆಗೆ ಹೋಗಿ ಎರಡನೆಯ ಮರಣೋತ್ತರ ಕಾದಂಬರಿ ಶುರುಮಾಡಿದರು. ಅದು ಮೊದಲನೆಯದಕ್ಕಿಂತ ಹೆಚ್ಚು ಪಕ್ವವಾಗಿದೆಯೆಂದು ಪತ್ರಿಕೆಗಳು ಒಪ್ಪಿವೆ.

ಸದ್ಯ ಊರಿನ ಇನ್ನೂ ಆರು ಲೇಖಕರು ಇದೇ ನಮೂನೆಯಲ್ಲಿ ಅರ್ಜಿ ಸಲ್ಲಿಸಿದ್ದಾರೆ. ರಸ್ತೆಗಳ ಕೊರತೆ ಇರುವುದರಿಂದ, ಮುಂದಿನ ಆದೇಶದವರೆಗೆ ಬದುಕಿರತಕ್ಕದ್ದು ಎಂದು ಅವರಿಗೆ ಲಿಖಿತವಾಗಿ ತಿಳಿಸಲಾಗಿದೆ.