ಗಡ್ಡ ಬಂದ ಕುಂಬಳಕಾಯಿ

ಬುದ್ಧಿ ಹೇಳಿದವನು ಪಕ್ಕದ ಅಂಗಡಿಯ ದರ್ಜಿ. ಕೇಳಿ ಕೆಟ್ಟವನು ಕ್ಷೌರದಂಗಡಿಯವನು. ಊರಿಗೆ ರೋಗ ಬಂದು ಸರ್ಕಾರ ಬಂದ್ ಮಾಡಿದ ಮೇಲೆ ಇಬ್ಬರ ಅಂಗಡಿಗೂ ಬೀಗ ಬಿದ್ದಿತ್ತು. ದರ್ಜಿಯ ಬಾಯಿಗೆ ಮಾತ್ರ ಬಿದ್ದಿರಲಿಲ್ಲ.

"ತರಕಾರಿ ಅಂಗಡಿ ತೆಗೀಬಹುದಂತಲ್ಲಪ್ಪಾ! ಮುಂದೆ ನಾಲ್ಕು ಬುಟ್ಟಿ ಇಡು, ಹಿಂದೆ ಪರದೆ ಬಿಡು. ಈಚೆ ಬದನೆಕಾಯಿ, ಆಚೆ ತಲೆ. ಯಾವನಿಗೆ ಗೊತ್ತಾಗುತ್ತೆ?"

"ಸಿಕ್ಕಿಬಿದ್ರೆ?"

"ನಾನಿಲ್ವೇನೋ?"

ಕ್ಷೌರಿಕನ ಮನೆಯಲ್ಲಿ ಒಲೆ ತಣ್ಣಗಾಗಿತ್ತು. ಹೆಂಡತಿ ಬಾಯಿ ಬಿಟ್ಟು ಬೈಯುವುದನ್ನು ನಿಲ್ಲಿಸಿ ಪಾತ್ರೆಗಳ ಕೈಲಿ ಬೈಸುತ್ತಿದ್ದಳು. ಹೀಗೇ ನಡೆದರೆ ತಿರುಗುವ ಕುರ್ಚಿಯನ್ನೇ ಮಾರಿ ಅಕ್ಕಿ ತರಬೇಕು. ಕ್ಷೌರಿಕ ಭಾವಮೈದನ ಹಿತ್ತಲು ಬರಿದು ಮಾಡಿ ಬುಟ್ಟಿ ತುಂಬಿಸಿಕೊಂಡು ಬಂದ.

ಸಲಹೆ ಕೊಟ್ಟ ಲೆಕ್ಕಕ್ಕೆ ಮೊದಲ ತಲೆ ದರ್ಜಿಯದೇ, ಅದೂ ಪುಕ್ಕಟೆ. ಬಲಗಡೆ ಮುಗಿದಿತ್ತು, ಎಡಗಡೆ ಇನ್ನೂ ಕಾಡು. ಅಷ್ಟರಲ್ಲಿ ಹೊರಗೆ ಒಬ್ಬಾಕೆ ಕೂಗಿದಳು.

"ಬೀನ್ಸ್ ಇದೆಯೇನಪ್ಪಾ?"

ಕ್ಷೌರಿಕ ಕತ್ತರಿಯನ್ನು ಜೇಬಿಗೆ ತುರುಕಿ ಓಡಿಬಂದ. "ಬನ್ನಿ ಅಮ್ಮಾ, ಚಿಕ್ಕದಾ, ಮೀಡಿಯಮ್ಮಾ?" ಎಂದ. ಬಾಯಿ ಹಳೆಯ ಅಭ್ಯಾಸ ಬಿಡಬೇಕಲ್ಲ! ಬೀನ್ಸಿನ ಮೇಲೆ ತಲೆಗೆ ಚಿಮುಕಿಸುವ ನೀರನ್ನು ಪುಸ್ ಪುಸ್ ಎಂದು ಹೊಡೆದು, ದರ್ಜಿಯ ಕೂದಲು ಮೆತ್ತಿದ್ದ ಟವೆಲನ್ನು ಪಕ್ಕದ ಕುಂಬಳಕಾಯಿಗಳ ಮೇಲೆ ಕೊಡವಿ, ಅದರಿಂದಲೇ ಒರೆಸಿ ಕೊಟ್ಟ. ಆಕೆಗೆ ಭಾರೀ ಖುಷಿ. ಬೀದಿಗೆಲ್ಲ ಸುದ್ದಿ ಹಬ್ಬಿತು. ಜನ ಇರುವೆ ಹಾಗೆ ಬಂದರು. ದೂರ ದೂರ ನಿಲ್ಲಲಿ ಎಂದು ಅವನು ಮುಖಕ್ಕೆ ಹಚ್ಚುವ ಪೌಡರಿನಲ್ಲಿ ನೆಲದ ಮೇಲೆ ವೃತ್ತ ಹಾಕಿದ.

ಕ್ಷೌರಕ್ಕೆಂದು ಬಂದವರೂ ಜನ ನೋಡಿ ಹೆದರಿ ಸೌತೆಕಾಯಿ ಕೊಂಡು ಹೋದರು. ಪರದೆ ಹಿಂದಿನಿಂದ "ಲೋ, ನನ್ನ ಎಡಗಡೆ!" ಎಂಬ ಪಿಸುಮಾತು ಬರುತ್ತಲೇ ಇತ್ತು.

ಮಧ್ಯಾಹ್ನ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು ಬಂದರು. ಒಂದು ಕುಂಬಳಕಾಯಿ ಎತ್ತಿ ತಿರುಗಿಸಿ ನೋಡಿದರು.

"ಏನಯ್ಯಾ, ಇದಕ್ಕೆ ಗಡ್ಡ ಬಂದಿದೆ?"

"ನಾರು ಸ್ವಾಮಿ, ಎಳೇದು!"

"ಇದು ಮೊದಲು ಸಲೂನ್ ಆಗಿರ್ಲಿಲ್ವಾ?"

"ಬಿಟ್ಟೆ ಸ್ವಾಮಿ. ಮಕ್ಕಳಾಣೆ, ಕತ್ತರಿ ಮುಟ್ಟಿದ ಕೈಯೇ ಅಲ್ಲ ಇದು!"

ಪರದೆ ಸೀನಿತು. "ಬೆಕ್ಕು," ಎಂದ ಕ್ಷೌರಿಕ.

ಇನ್ಸ್‌ಪೆಕ್ಟರಿಗೆ ವೃತ್ತಗಳು ಹಿಡಿಸಿದವು. "ನಿನ್ನಂಥೋರು ಬೇಕಯ್ಯಾ ಊರಿಗೆ," ಎಂದು 'ತರಕಾರಿ ಮಳಿಗೆ' ಎಂಬ ಸರ್ಕಾರಿ ಚೀಟಿಯನ್ನು ಬಾಗಿಲಿಗೆ ಅಂಟಿಸಿ ಹೋದರು. ಕ್ಷೌರಿಕ ಎದೆ ಸೆಟೆಸಿದ.

ಸಂಜೆ ಬುಟ್ಟಿ ಖಾಲಿಯಾಗಿ ಒಂದು ಕುಂಬಳಕಾಯಿ ಉಳಿಯಿತು. ಕೊನೆಗೂ ದರ್ಜಿಯ ಎಡಗಡೆಗೆ ಕತ್ತರಿ ಇಟ್ಟನೋ ಇಲ್ಲವೋ, ಬೀದಿಯಲ್ಲಿ ಆಟೋದ ಮೈಕು ಅರಚಿತು: "ಜನಜಂಗುಳಿಯ ಕಾರಣ ನಾಳೆಯಿಂದ ತರಕಾರಿ ಅಂಗಡಿಗಳು ಬಂದ್! ಮೈದಾನದಲ್ಲಿ ಮಾತ್ರ ಮಾರಾಟ! ಕ್ಷೌರದಂಗಡಿಗಳು ತೆರೆಯಬಹುದು!"

ಕ್ಷೌರಿಕ ಕ್ಷೌರದ ಕತ್ತಿ ಹಿಡಿದು ಬಾಗಿಲ ಚೀಟಿಯನ್ನು ಕೆರೆಯತೊಡಗಿದ. ಹಾಳು ಸರ್ಕಾರಿ ಅಂಟು, ಜಪ್ಪಯ್ಯ ಅನ್ನಲಿಲ್ಲ. ಹಿಂದೆ ತಿರುಗಿದರೆ ಬೀಗ ಹಿಡಿದ ಇನ್ಸ್‌ಪೆಕ್ಟರು.

"ಸ್ವಾಮಿ, ಇದು ಸಲೂನು! ಸಾಕ್ಷಿ ತೋರಿಸ್ತೀನಿ!" ಎಂದು ದರ್ಜಿಯನ್ನು ಎಳೆದು ತಂದು ನಿಲ್ಲಿಸಿದ. ಒಂದು ಕಡೆ ಸುಗ್ಗಿ ಮುಗಿದ ಗದ್ದೆ, ಇನ್ನೊಂದು ಕಡೆ ಪೊದೆ.

ಇನ್ಸ್‌ಪೆಕ್ಟರು ಆ ತಲೆಯನ್ನು ಸುತ್ತಿ ಬಂದು ನೋಡಿದರು. "ಸಲೂನಾದ್ರೆ ಇವತ್ತು ಕದ್ದು ತೆಗೆದಿದ್ದಕ್ಕೆ ಕೇಸು, ಅಂಗಡಿಗೆ ಸೀಲು. ತರಕಾರಿ ಅಂಗಡಿಯಾದ್ರೆ ಬರೀ ಬೀಗ. ಯಾವುದು ಹೇಳು."

ಕ್ಷೌರಿಕ ದರ್ಜಿಯ ಮುಖ ನೋಡಿದ. ದರ್ಜಿ ಎಡಗಡೆಯ ಪೊದೆಯನ್ನು ಅಂಗೈಯಿಂದ ಮುಚ್ಚಿಕೊಂಡು ಆಟೋ ಹೋದ ದಿಕ್ಕು ನೋಡಿದ.

"ತರಕಾರಿ ಅಂಗಡಿ ಸ್ವಾಮಿ."

ಕತ್ತರಿ, ಕನ್ನಡಿ, ಕುರ್ಚಿ ಎಲ್ಲ ಒಳಗಿದ್ದಂತೆಯೇ ಬೀಗ ಬಿತ್ತು. ಇನ್ಸ್‌ಪೆಕ್ಟರು ಟೋಪಿ ತೆಗೆದು ಭುಜಕ್ಕಿಳಿದ ಕೂದಲು ಕೆರೆದುಕೊಂಡರು. "ಛೇ, ಸಲೂನಾಗಿದ್ರೆ ನಾಳೆ ಸಿಬ್ಬಂದಿಯನ್ನೆಲ್ಲ ನಿನ್ನ ಹತ್ರಾನೇ ಕಳಿಸ್ತಿದ್ದೆ ಕಣಯ್ಯಾ."

ಅವರು ಹೋದ ಮೇಲೆ ದರ್ಜಿ ಮೆಲ್ಲಗೆ ಕೇಳಿದ: "ನನ್ನ ಎಡಗಡೆ?"

ಕ್ಷೌರಿಕ ಬಗಲಲ್ಲಿದ್ದ ಬುಟ್ಟಿಯನ್ನು ಅವನ ತಲೆಯ ಮೇಲೆ ಬೋರಲು ಹಾಕಿ, ಕುಂಬಳಕಾಯಿ ಎತ್ತಿಕೊಂಡು ಮನೆ ಕಡೆ ಹೊರಟ.