ಮಾವನ ಜಪಮಾಲೆ ಸರ್ವಿಸ್

ನನ್ನ ಸೋದರಮಾವ ಜಪ ಮಾಡಿದ್ದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಆದರೂ ನಾಯ್ಮಾರ್ಮೂಲೆಯಿಂದ ನೆಕ್ರಾಜೆಯವರೆಗೆ ನಡೆಯುವ ಜಪದಲ್ಲಿ ಅರ್ಧಕ್ಕರ್ಧ ಪುಣ್ಯ ಅವರಿಗೇ ಸೇರಬೇಕು! ಯಾಕೆಂದರೆ ಅಲ್ಲಿನ ಜಪಮಾಲೆಗಳಿಗೆ ಸ್ನಾನ ಮಾಡಿಸಿ, ಮೈ ಒರೆಸಿ, ಎಣ್ಣೆ ಹಚ್ಚಿ, ನೂಲು ಬದಲಿಸಿ ಕಳಿಸುವವರು ಅವರೇ. ಅವರ ಸ್ವಂತ ಸ್ನಾನ ಮಾತ್ರ ಎರಡು ಚೊಂಬಿನಲ್ಲಿ ಮುಗಿಯುತ್ತದೆ.

ಮಾವನಿಗೆ ನಾಯ್ಮಾರ್ಮೂಲೆ ಪೇಟೆಯಲ್ಲಿ ವಾಚ್ ರಿಪೇರಿಯ ಅಂಗಡಿ ಇತ್ತು. ಮೊಬೈಲು ಬಂದು ಊರವರ ಕೈಯೆಲ್ಲ ಬೋಳಾದ ಮೇಲೆ ಅಂಗಡಿ ಮುಚ್ಚಿದರು. ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ಚಿಮಟ, ಬ್ರಶ್ಶು, ಸ್ಕ್ರೂ ಹಾಕಿಡುವ ಪುಟ್ಟ ಪುಟ್ಟ ಡಬ್ಬಿಗಳು, ಎಲ್ಲವೂ ಪೇಟೆಯ ಹಿಂದಿನ ಮನೆಗೆ ಬಂದವು. ಪಾಪ, ಅವಕ್ಕೂ ಕೆಲಸ ಬೇಡವೇ? ಒಂದು ದಿನ ಹೊತ್ತು ಹೋಗದೆ ದೊಡ್ಡಮ್ಮನ ರುದ್ರಾಕ್ಷಿ ಮಾಲೆಯನ್ನು ಭೂತಗನ್ನಡಿಯಲ್ಲಿ ನೋಡಿದವರು ಹೌಹಾರಿದರು.

"ಅಕ್ಕಾ! ಇದರ ಗೀರಿನಲ್ಲಿ ಮೂವತ್ತು ವರ್ಷದ ವಿಭೂತಿ ಉಂಟು ಮಾರಾಯ್ತಿ! ಇದು ತಿರುಗುವುದಾದರೂ ಹೇಗೆ?"

ಅಲ್ಲಿಂದ ಶುರುವಾಯಿತು ಸರ್ವಿಸ್.

ದೊಡ್ಡಮ್ಮ ಎಂದರೆ ನನ್ನ ಅಮ್ಮನಿಗೂ ಮಾವನಿಗೂ ಅಕ್ಕ. ಗಂಡ ತೀರಿಹೋದ ಮೇಲೆ ತಮ್ಮನ ಮನೆಗೆ ಬಂದವರು ಅಲ್ಲೇ ಉಳಿದರು. ಮಾವನಿಗೆ ಮದುವೆಯಾಗಲಿಲ್ಲ. ಹುಡುಗಿ ನೋಡಲು ಹೋದ ಮನೆಯಲ್ಲಿ ಗೋಡೆ ಗಡಿಯಾರ ಹತ್ತು ನಿಮಿಷ ಹಿಂದಿತ್ತಂತೆ. ಇವರು ಅದನ್ನು ಇಳಿಸಿ ಬಿಚ್ಚಿ ಕೂತರು. ಮತ್ತೆ ಜೋಡಿಸುವಷ್ಟರಲ್ಲಿ ಹುಡುಗಿಗೆ ಬೇರೆ ಕಡೆ ಮದುವೆಯಾಗಿ ಬಾಣಂತನವೂ ಮುಗಿದಿತ್ತು!

ಸರ್ವಿಸಿನ ಶಾಸ್ತ್ರ ಸಣ್ಣದಲ್ಲ. ರುದ್ರಾಕ್ಷಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಬೇಕು. ನೀರಿನ ಬಿಸಿಯನ್ನು ಮುಂಗೈಗೆ ಬಿಟ್ಟು ನೋಡಬೇಕು, ಶಿಶುವಿಗೆ ನೋಡಿದ ಹಾಗೆ. ಸೋಪು ಕೂಡದು. ಒಂದೊಂದೇ ಮಣಿಯ ಗೀರುಗಳನ್ನು ಮೆತ್ತನೆಯ ಬ್ರಶ್ಶಿನಿಂದ ಉಜ್ಜಬೇಕು. ಬಿಸಿಲಿಗೆ ಹಾಕಿದರೆ ಬಿರುಕು ಬಿಡುತ್ತದೆ, ನೆರಳಲ್ಲೇ ಒಣಗಿಸಬೇಕು. ಆಮೇಲೆ ಹತ್ತಿಯಲ್ಲಿ ಒಂದಿಷ್ಟು ಎಳ್ಳೆಣ್ಣೆ. ತುಳಸಿ ಮಣಿಯಾದರೆ ಮುಳುಗಿಸುವ ಹಾಗೇ ಇಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. "ಅದಕ್ಕೆ ಬೇಗ ಶೀತ ಆಗುತ್ತದೆ" ಎನ್ನುತ್ತಾರೆ ಮಾವ.

ಬ್ರಶ್ಶು ತರಲು ಒಮ್ಮೆ ನಾನೂ ಅವರ ಜೊತೆ ಮೆಡಿಕಲ್ ಶಾಪಿಗೆ ಹೋಗಿದ್ದೆ.

"ಮಕ್ಕಳ ಹಲ್ಲುಜ್ಜುವ ಬ್ರಶ್ಶು ಕೊಡಿ. ಭಾರೀ ಮೆತ್ತಗಿನದ್ದು."

"ಮಗುವಿಗೆ ಎಷ್ಟು ಹಲ್ಲು ಬಂದಿದೆ ಅಂಕಲ್?" ಅಂಗಡಿಯ ಹುಡುಗಿ ಕೇಳಿದಳು.

"ನೂರೆಂಟು."

ಹುಡುಗಿ ಬ್ರಶ್ಶನ್ನು ಕೌಂಟರಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ನಾನು ಕೆಮ್ಮಿನ ಮಾತ್ರೆಗಳನ್ನು ಅತ್ಯಂತ ಆಸಕ್ತಿಯಿಂದ ನೋಡುತ್ತಾ ನಿಂತೆ.

ಗಿರಾಕಿಗಳಿಗೂ ಬಿಡುಗಡೆಯಿಲ್ಲ. ನೆಕ್ರಾಜೆಯ ಭಟ್ಟರೊಬ್ಬರು ಮಾಲೆ ತಂದಾಗ ಮಾವ ಅದನ್ನು ಮೂಸಿ ನೋಡಿ ಗುಡುಗಿದರು. "ಎಂತ ಭಟ್ರೇ, ಸೋಪಿನಪುಡಿ ಹಾಕಿದ್ದೀರಾ?"

ಸಾವಿರ ಜನರ ಎದುರು ಗಂಟಲು ಬಿಟ್ಟು ಮಂತ್ರ ಹೇಳುವ ಭಟ್ಟರು ತಲೆ ತಗ್ಗಿಸಿದರು. "ಅದು... ಪಂಚೆಯೊಟ್ಟಿಗೆ ಬಕೆಟಿಗೆ ಬಿದ್ದು ಹೋಯಿತು ಮಾರಾಯ್ರೇ."

"ಮೂರು ದಿನ ರೆಸ್ಟ್ ಬೇಕು ಇದಕ್ಕೆ."

"ಅಯ್ಯೋ, ಮೂರು ದಿನ ನನ್ನ ಜಪ?"

"ಬೆರಳಲ್ಲಿ ಎಣಿಸಿ. ದೇವರು ಬೆರಳು ಕೊಟ್ಟದ್ದು ಎಂತಕ್ಕೆ, ಮೊಬೈಲ್ ಒತ್ತಲಿಕ್ಕಾ?"

ಆ ಮೂರು ದಿನ ಭಟ್ಟರ ಮಾಲೆ ಎಳ್ಳೆಣ್ಣೆಯ ಬಟ್ಟಲಿನಲ್ಲಿ ಆರಾಮಾಗಿ ಮಲಗಿತ್ತು. ನಾಲ್ಕನೆಯ ದಿನ ನಾನು ಹೋದಾಗ ಮಾವನೇ ದೋಸೆ ಹೊಯ್ದು ಕೊಟ್ಟರು. ಮೂರು ತಿಂದೆ. "ರುಚಿ ಉಂಟಲ್ಲ? ಭಟ್ರ ಮಾಲೆಯ ಎಣ್ಣೆ. ಚೆಲ್ಲಲಿಕ್ಕೆ ಮನಸ್ಸು ಬರಲಿಲ್ಲ" ಎಂದರು. ಸೋಪಿನಪುಡಿಯ ನೆನಪಾಗಿ ನಾಲ್ಕನೆಯದನ್ನು ಬೇಡವೆಂದೆ.

ಇಷ್ಟೆಲ್ಲ ನಗುವಿನ ನಡುವೆ ಆ ಮನೆಯಲ್ಲಿ ಒಂದು ದೊಡ್ಡ ತಲೆಬಿಸಿಯೂ ಇತ್ತು. ಒಂದು ಸುತ್ತು ಜಪ ಮುಗಿಯದೆ ದೊಡ್ಡಮ್ಮ ಬಾಯಿಗೆ ಏನೂ ಹಾಕುವವರಲ್ಲ. ಮೊದಲೆಲ್ಲ ಬೆಳಗ್ಗೆ ಏಳಕ್ಕೇ ಮುಗಿಯುತ್ತಿತ್ತು. ವಾತದಿಂದ ಬೆರಳುಗಳು ಸೆಟೆದುಕೊಂಡ ಮೇಲೆ ಒಂದೊಂದು ಮಣಿ ದಾಟುವುದೂ ಗುಡ್ಡ ಹತ್ತಿದ ಹಾಗಾಯಿತು. ಗಂಟೆ ಹನ್ನೊಂದಾಗುತ್ತಿತ್ತು, ಹನ್ನೆರಡಾಗುತ್ತಿತ್ತು. ಗಂಜಿ ತಣ್ಣಗಾಗುತ್ತಿತ್ತು, ಮಾತ್ರೆ ಹಾಗೇ ಬಿದ್ದಿರುತ್ತಿತ್ತು. ಡಾಕ್ಟರು ಬೈದದ್ದೂ ಆಯಿತು. ಅಕ್ಕ ಉಣ್ಣದೆ ತಮ್ಮನೂ ಉಣ್ಣುವುದಿಲ್ಲ. ಕೇಳಿದರೆ "ನನಗೆ ಹಸಿವೆಯೇ ಇಲ್ಲ" ಎನ್ನುತ್ತಾ ಗಂಜಿಯ ಪಾತ್ರೆಯ ಮುಚ್ಚಳವನ್ನು ಹತ್ತು ಸಲ ತೆಗೆದು ನೋಡುತ್ತಿದ್ದರು!

"ಅಕ್ಕಾ, ಸ್ವಲ್ಪ ಕಮ್ಮಿ ಮಾಡಿದರೆ ಆಗುವುದಿಲ್ಲವಾ?"

"ನೂರೆಂಟು ಅಂದರೆ ನೂರೆಂಟು. ನಿನ್ನ ವಾಚಿನಲ್ಲಿ ಹನ್ನೆರಡರ ಬದಲು ಹತ್ತೇ ಗಂಟೆ ಇಡುತ್ತಿದ್ದೆಯಾ?"

ಮಾವ ಮತ್ತೊಮ್ಮೆ ಗಂಜಿಯ ಮುಚ್ಚಳ ತೆಗೆದು ನೋಡಿದರು. ಹಾಗೆ ನೋಡಿದರೆ ಲೆಕ್ಕದಲ್ಲಿ ಅವರದ್ದು ಅಕ್ಕನಿಗಿಂತಲೂ ಬಿಗಿ. ಹೊಸಂಗಡಿಯ ನನ್ನ ನೆರೆಮನೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸನ್ನು, ನಾವೆಲ್ಲ ಬಾಯಿ ಎಂದು ಕರೆಯುವವರನ್ನು, ಒಮ್ಮೆ ಮಾವನಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವರ ಶಿಲುಬೆಯ ಜಪಸರದ ಕೊಂಡಿ ಕಳಚಿತ್ತು. ಮಾವ ಕೊಂಡಿ ಕೂಡಿಸಿ, ಮಣಿಗಳನ್ನೆಲ್ಲ ಒರೆಸಿ, ಎಣಿಸಿ, ಬೆವರಿಬಿಟ್ಟರು.

"ಬಾಯೀ, ಐವತ್ತೊಂಬತ್ತೇ ಉಂಟು! ಬಾಕಿ ನಲವತ್ತೊಂಬತ್ತು ಎಲ್ಲಿ ಬಿದ್ದು ಹೋಯಿತು?"

"ಎಲ್ಲಿಯೂ ಬೀಳಲಿಲ್ಲ ಮಾರಾಯ್ರೇ. ನಮ್ಮದು ಅಷ್ಟೇ."

"ಅಷ್ಟೇಯಾ? ಅಷ್ಟಕ್ಕೇ ನಿಮ್ಮ ದೇವರು ಒಪ್ಪುತ್ತಾರಾ?"

"ಇಷ್ಟರವರೆಗೆ ಒಪ್ಪಿದ್ದಾರೆ," ಬಾಯಿ ನಕ್ಕರು.

ಮಾವ ನಗಲಿಲ್ಲ. ಆ ಸರವನ್ನು ಮತ್ತೆ ಮತ್ತೆ ಎಣಿಸುತ್ತಲೇ ಕೂತರು. ಚಹಾ ತಣ್ಣಗಾದದ್ದೂ ಗೊತ್ತಾಗಲಿಲ್ಲ. ಪಾಪ, ಲೆಕ್ಕ ತಪ್ಪಿದ ಬೇಸರ ಎಂದುಕೊಂಡು ನಾನು ಬಸ್ಸು ಹತ್ತಿದೆ.

ಆಮೇಲೆ ಆರೇಳು ತಿಂಗಳು ನನಗೆ ಆ ಕಡೆ ಹೋಗಲು ಪುರುಸೊತ್ತಾಗಲಿಲ್ಲ. ಮೊನ್ನೆ ಮೊದಲ ಬಸ್ಸಿಗೆ ಹೋಗಿ ಎಂಟೂವರೆಗೆ ಮನೆ ಮುಟ್ಟಿದರೆ ಏನಾಶ್ಚರ್ಯ! ಅಕ್ಕ, ತಮ್ಮ ಎದುರುಬದುರು ಕೂತು ಬಿಸಿ ಗಂಜಿ ಉಣ್ಣುತ್ತಿದ್ದಾರೆ, ಮಿಡಿ ಉಪ್ಪಿನಕಾಯಿ ನೆಂಚಿಕೊಂಡು.

"ದೊಡ್ಡಮ್ಮಾ, ಜಪ ಆಯಿತಾ?"

"ಆಯಿತಲ್ಲ!" ಉತ್ತರ ಕೊಟ್ಟದ್ದು ಮಾವ. "ಎಲ್ಲ ಸರ್ವಿಸಿನ ಮಹಿಮೆ. ವಾರಕ್ಕೊಮ್ಮೆ ತೊಳೆದು ಎಣ್ಣೆ ಕೊಡುತ್ತೇನೆ, ಹೊಸ ನೂಲು ಹಾಕುತ್ತೇನೆ. ಮಣಿ ಈಗ ಬೆಣ್ಣೆಯ ಹಾಗೆ ಜಾರುತ್ತದೆ."

ಕೈತೊಳೆದು ಬಂದವಳು ಮಾವನ ಮೇಜಿನ ಮೇಲೆ ಸ್ಕ್ರೂ ಡಬ್ಬಿಯೊಂದನ್ನು ಸುಮ್ಮನೆ ತೆರೆದೆ. ಒಳಗೆ ಸ್ಕ್ರೂ ಇರಲಿಲ್ಲ. ರುದ್ರಾಕ್ಷಿಗಳಿದ್ದವು. ಪಕ್ಕದ ಡಬ್ಬಿಯಲ್ಲೂ ಅವೇ. ಮಾವ ಓಡಿಬಂದು ನನ್ನನ್ನು ಜಗಲಿಗೆ ಎಳೆದುಕೊಂಡು ಹೋದರು.

"ಬೊಬ್ಬೆ ಹೊಡೆಯಬೇಡ ಮಾರಾಯ್ತಿ! ವಾರಕ್ಕೆ ಎರಡೇ ಎರಡು ತೆಗೆದದ್ದು. ಜಪದ ಚೀಲದ ಒಳಗೆ ಕೈಹಾಕಿಯೇ ಮಣಿ ಎಣಿಸುವುದಲ್ಲವಾ, ಅವಳಿಗೆ ಮಾಲೆ ಕಾಣುವುದಿಲ್ಲ. ಈಗ ಐವತ್ತನಾಲ್ಕಕ್ಕೆ ಬಂದಿದೆ." ಧ್ವನಿ ಇನ್ನೂ ತಗ್ಗಿತು. "ಪಾಪ ಬಂದರೆ ನನಗೇ ಬರಲಿ. ಅವಳಿಗೆ ಹೊತ್ತಿಗೆ ಸರಿಯಾಗಿ ಎರಡು ತುತ್ತು ಹೋದರೆ ಸಾಕು."

ಒಂದು ಮಣಿ ಕಡಿಮೆಯಾದರೆ ಬೆವರುತ್ತಿದ್ದ ಮನುಷ್ಯ! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ಒಳಗೆ ಹೋದೆ. ದೊಡ್ಡಮ್ಮ ಮಾತ್ರೆ ನುಂಗಿ, ನೀರು ಕುಡಿದು, ನನ್ನನ್ನು ಹತ್ತಿರ ಕರೆದರು.

"ಎಷ್ಟಕ್ಕೆ ಬಂತಂತೆ ಈಗ?"

"ನಿಮಗೆ ಗೊತ್ತುಂಟಾ?"

"ಅವನಿಗೆ ಒಂದು ಎರಡು ಕಲಿಸಿದ್ದೇ ನಾನು. ಮೊದಲ ವಾರವೇ ಬೆರಳಿಗೆ ಗೊತ್ತಾಯಿತು."

"ಮತ್ತೆ ಎಂತಕ್ಕೆ ಹೇಳಲಿಲ್ಲ?"

"ನಾನು ಉಣ್ಣದೆ ಅವ ಉಣ್ಣುವುದಿಲ್ಲ ಮಗಾ. ಅವನಿಗೆ ಸಕ್ಕರೆ ಕಾಯಿಲೆ ಉಂಟು. ಹಸಿದು ಕೂತು ಒಂದು ದಿನ ಕೈಕಾಲು ನಡುಗಿ ಬಿದ್ದಿದ್ದ." ದೊಡ್ಡಮ್ಮ ಜಪದ ಚೀಲವನ್ನು ಮಡಿಲಲ್ಲಿ ಸವರಿದರು. "ಬಾಕಿ ಜಪ ಮಧ್ಯಾಹ್ನ ಅವ ಮಲಗಿದಾಗ ಮಾಡಿ ಮುಗಿಸುತ್ತೇನೆ. ನೂರೆಂಟು ಅಂದರೆ ನೂರೆಂಟೇ."

ಅಷ್ಟರಲ್ಲಿ ಜಗಲಿಯಿಂದ ಮಾವನ ಕೂಗು. "ಅಕ್ಕಾ, ಇವತ್ತು ಮಾಲೆ ಸರ್ವಿಸಿಗೆ ಕೊಡಬೇಕು, ನೆನಪುಂಟಲ್ಲ? ನೂಲು ಸವೆದ ಹಾಗೆ ಕಾಣುತ್ತದೆ!"

"ಹೌದು ಮಾರಾಯ, ಭಾರೀ ಕೊಳೆ ಆಗಿದೆ," ಎಂದು ದೊಡ್ಡಮ್ಮ ಚೀಲವನ್ನು ನನ್ನ ಕೈಗಿತ್ತರು. "ತೆಗೆದುಕೊಂಡು ಹೋಗಿ ಕೊಡು ಅವನಿಗೆ. ಚೆಂದ ಮಾಡಿ ತೊಳೆಯಲಿ."