ಐವತ್ತಾಗಲು ನಾನು ಪಟ್ಟ ಪಾಡು

ಮನುಷ್ಯನಿಗೆ ಐವತ್ತು ವರ್ಷ ತುಂಬಲು ವಿಶೇಷ ಪ್ರತಿಭೆಯೇನೂ ಬೇಕಾಗಿಲ್ಲ, ಸಾಯದೆ ಇದ್ದರೆ ಸಾಕು ಎಂದು ನಾನು ಬಹುಕಾಲ ನಂಬಿದ್ದೆ. ನಂಬಿಕೆ ತಪ್ಪಾಗಿತ್ತು. ನನಗೆ ಐವತ್ತು ತುಂಬಲು ಐವತ್ತೆರಡು ವರ್ಷ ಹಿಡಿಯಿತು.

ನಾನು ಗಾಲ್ಫ್ ಆಡಿ ಹೊಟ್ಟೆ ಹೊರೆದವನು. ಹೀಗೆಂದ ಕೂಡಲೇ ಜನ ನನ್ನ ಹಿಂದೆ ಎಲ್ಲಾದರೂ ದೊಡ್ಡ ಕಾರು ನಿಂತಿದೆಯೇ ಎಂದು ನೋಡುತ್ತಾರೆ. ನಿಂತಿರುವುದು ಹಳೆಯ ಸ್ಕೂಟರ್. ನನ್ನಪ್ಪ ಬೆಂಗಳೂರಿನ ಗಾಲ್ಫ್ ಮೈದಾನವೊಂದರಲ್ಲಿ ಮಾಲಿಯಾಗಿದ್ದರು. ನಾನು ಅಲ್ಲೇ ಆಟಗಾರರ ಚೀಲ ಹೊರುತ್ತಾ, ಅವರು ಬಿಸಾಡಿದ ಮುರುಕು ಕೋಲಿನಲ್ಲಿ ಆಟ ಕಲಿತೆ. ಮುಂದೆ ಸೈನ್ಯ ಸೇರಿದಾಗ ಮೇಲಧಿಕಾರಿಯೊಬ್ಬರು ನನ್ನ ಗುರಿಯಭ್ಯಾಸವನ್ನೂ ನೋಡಿದರು, ಗಾಲ್ಫನ್ನೂ ನೋಡಿದರು. ದೇಶದ ಹಿತದೃಷ್ಟಿಯಿಂದ ನನ್ನ ಕೈಗೆ ಗಾಲ್ಫ್ ಕೋಲೇ ಇರಲಿ ಎಂದು ತೀರ್ಮಾನಿಸಿದರು. ಕೊನೆಯ ಪೋಸ್ಟಿಂಗ್ ದೆಹಲಿಯಲ್ಲಾಯಿತು, ನಿವೃತ್ತಿಯಾದ ಮೇಲೆ ಇಲ್ಲೇ ಉಳಿದುಬಿಟ್ಟೆವು. ದೆಹಲಿಯ ಅಂಚಿನ ಇಂದಿರಾಪುರಂನಲ್ಲಿ ಮೂರನೇ ಮಹಡಿಯ ಮನೆ. ಹೆಂಡತಿ ಸರೋಜ ಘಾಜಿಯಾಬಾದಿನ ಆಸ್ಪತ್ರೆಯಲ್ಲಿ ನರ್ಸ್. ನಾನು ಕೆಲವು ದಿನ ನೋಯ್ಡಾದಲ್ಲಿ ಕಂಪ್ಯೂಟರ್ ಕಂಪನಿಗಳ ಮ್ಯಾನೇಜರುಗಳಿಗೆ ಚೆಂಡು ಹೊಡೆಯುವುದನ್ನು ಕಲಿಸುತ್ತಿದ್ದೆ. ಉಳಿದ ದಿನಗಳಲ್ಲಿ ಊರೂರು ತಿರುಗಿ ವೃತ್ತಿಪರರ ಪಂದ್ಯಗಳನ್ನು ಆಡುತ್ತಿದ್ದೆ.

ಹದಿನೈದು ವರ್ಷ ಆಡಿದೆ. ಒಂದನ್ನೂ ಗೆಲ್ಲಲಿಲ್ಲ. ಎರಡು ಸಲ ಎರಡನೆಯವನಾದೆ. ಇನ್ನೊಬ್ಬನಿಗೆ ಕಪ್ ಕೊಡುವಾಗ ಪಕ್ಕದಲ್ಲಿ ನಿಂತು ಮುಗುಳ್ನಗುತ್ತಾ ಚಪ್ಪಾಳೆ ತಟ್ಟುವ ವಿದ್ಯೆಯಲ್ಲಿ ಈ ದೇಶದಲ್ಲಿ ನನಗೆ ಸಮನಾದವನು ಒಬ್ಬನೇ ಇದ್ದ. ಅವನು ರಾಮ್‌ಪಾಲ್.

ರಾಮ್‌ಪಾಲ್ ಹರಿಯಾಣದವನು. ಅವನೂ ಚೀಲ ಹೊತ್ತೇ ಮೇಲೆ ಬಂದವನು, ಅವನೂ ಒಂದೂ ಗೆದ್ದಿರಲಿಲ್ಲ. ಪಂದ್ಯಕ್ಕೆ ಹೋದ ಊರಿನಲ್ಲಿ ನಾವಿಬ್ಬರೂ ಒಂದೇ ಕೋಣೆ ಹಿಡಿಯುತ್ತಿದ್ದೆವು. ಇಪ್ಪತ್ತರ ಹುಡುಗರು ನಮಗಿಂತ ಐವತ್ತು ಗಜ ಮುಂದಕ್ಕೆ ಹೊಡೆಯತೊಡಗಿದಾಗ ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಐವತ್ತು ತುಂಬಿದವರಿಗೆ ಸೀನಿಯರ್ ಸರ್ಕಿಟ್ ಎಂಬ ಪ್ರತ್ಯೇಕ ಪಂದ್ಯಮಾಲೆ ಇದೆ. ಅಲ್ಲಿ ಹುಡುಗರ ಕಾಟವಿಲ್ಲ. ಕೊನೆಯ ದಿನ, ಎಲ್ಲರಿಗಿಂತ ಮುಂದಿರುವವರು ಹೊರಡುವ ಕೊನೆಯ ಜೋಡಿಯಾಗಿ ನಾವಿಬ್ಬರೂ ಹೊರಡಬೇಕು. ಇಬ್ಬರಲ್ಲಿ ಯಾರು ಗೆದ್ದರೂ ಸರಿ, ಒಬ್ಬ ಗೆಲ್ಲಲೇಬೇಕು.

ಇಬ್ಬರಿಗೂ ಒಂದೇ ವರ್ಷ ಐವತ್ತು ತುಂಬಿತು. ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಕಾವಲುಗಾರನಿಂದ ಹಿಡಿದು ಮೇಲಿನ ಮಹಡಿಯ ಶರ್ಮಾಜಿಯವರೆಗೆ ಎಲ್ಲರಿಗೂ ಲಾಡು ಹಂಚಿದೆ. ಹಿರಿಯ ಆಟಗಾರನಿಗೆ ಒಪ್ಪುವಂತಿರಲಿ ಎಂದು ತಲೆಗೆ ಬಣ್ಣ ಹಚ್ಚುವುದನ್ನು ನಿಲ್ಲಿಸಿದೆ. ಅಷ್ಟಕ್ಕೇ ನಿಲ್ಲದೆ, ಕಿರಿಯರಿಗೆ ದಾರಿ ಬಿಟ್ಟುಕೊಡುವ ಗಳಿಗೆ ಬಂದಿದೆ ಎಂದು ಘನಗಂಭೀರವಾದ ಪತ್ರ ಬರೆದು ಮುಖ್ಯ ಪಂದ್ಯಮಾಲೆಯಿಂದ ನನ್ನ ಹೆಸರನ್ನು ತೆಗೆಸಿಕೊಂಡೆ. ಮೊದಲು ಆ ಕಡೆಯವರು ಸೇರಿಸಿಕೊಳ್ಳಲಿ, ಆಮೇಲೆ ಈ ಕಡೆ ಬಿಡಿ ಎಂದು ಸರೋಜ ಹೇಳಿದಳು. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಎಲ್ಲದರಲ್ಲೂ ಅಪಾಯವೇ ಕಾಣುತ್ತದೆ ಎಂದುಕೊಂಡು ಪತ್ರವನ್ನು ಡಬ್ಬಿಗೆ ಹಾಕಿ ಬಂದೆ.

ಸೀನಿಯರ್ ಪಂದ್ಯಗಳ ಕಚೇರಿಯಲ್ಲಿ ಗುಮಾಸ್ತ ನನ್ನ ಅರ್ಜಿ ನೋಡಿದ, ಪಾಸ್‌ಪೋರ್ಟ್ ನೋಡಿದ, ನನ್ನ ಬಿಳಿ ತಲೆ ನೋಡಿದ. ಮತ್ತೆ ಪಾಸ್‌ಪೋರ್ಟ್ ನೋಡಿ ಹೇಳಿದ: "ಸರ್, ಆಪ್ ತೋ ಅಭೀ ಜವಾನ್ ಹೈಂ."

ಅಂದರೆ, ನೀವಿನ್ನೂ ಹುಡುಗರು. ಪಾಸ್‌ಪೋರ್ಟಿನ ಪ್ರಕಾರ ನನಗೆ ನಲವತ್ತೆಂಟು.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಅಪ್ಪ ನನ್ನನ್ನೂ ನನ್ನಣ್ಣ ವೆಂಕಟೇಶನನ್ನೂ ಒಂದೇ ದಿನ ಶಾಲೆಗೆ ಸೇರಿಸಿದ್ದರು. ಆಗ ಅಣ್ಣನಿಗೆ ಹನ್ನೊಂದು, ನನಗೆ ಎಂಟು. ಒಂದನೇ ತರಗತಿಗೆ ಇಷ್ಟು ಬೆಳೆದವರು ಬೇಡವೆಂದು ಹೆಡ್‌ಮಾಸ್ತರರು ಅಣ್ಣನ ವಯಸ್ಸನ್ನು ಏಳಕ್ಕೂ ನನ್ನದನ್ನು ಆರಕ್ಕೂ ಇಳಿಸಿ, ಇಬ್ಬರಿಗೂ ಜೂನ್ ಒಂದನೇ ತಾರೀಕನ್ನು ಹುಟ್ಟಿದ ದಿನವಾಗಿ ದಯಪಾಲಿಸಿದರು. ಅಂದಿನಿಂದ ಕಾಗದದಲ್ಲಿ ಒಂದು ವಯಸ್ಸು, ಮೈಯಲ್ಲಿ ಇನ್ನೊಂದು. ಎರಡೂ ಜಗಳವಾಡದೆ ಬಾಳಿದ್ದರಿಂದ ನಾನೂ ಮರೆತಿದ್ದೆ. ಬೇರೆಯವರೆಲ್ಲ ವಯಸ್ಸು ಮುಚ್ಚಿಡಲು ಒದ್ದಾಡುವ ಈ ಊರಿನಲ್ಲಿ, ನಾನು ಮುದುಕನೆಂದು ಸಾಧಿಸಲು ಹೊರಟೆ.

ಬೆಂಗಳೂರಿಗೆ ಫೋನ್ ಮಾಡಿ, ನಾನು ಹುಟ್ಟಿದ್ದು ಯಾವ ವರ್ಷವೆಂದು ಬರೆದು ಕಳಿಸು ಎಂದು ಅಣ್ಣನನ್ನು ಕೇಳಿಕೊಂಡೆ. ಅಣ್ಣ ಕೆಲಸದಲ್ಲಿ ಅಚ್ಚುಕಟ್ಟು. ನೋಟರಿಯ ಮುದ್ರೆ ಹಾಕಿಸಿ ದಪ್ಪ ಲಕೋಟೆಯನ್ನೇ ಕಳಿಸಿದ. ನಾನು ಅದನ್ನು ಒಡೆಯದೆ, ಹಾಗೇ ಕಚೇರಿಗೆ ಒಯ್ದು ಮೇಲಿನವರ ಮೇಜಿನ ಮೇಲಿಟ್ಟೆ. ಆ ಮೇಲಿನವರು ನಿವೃತ್ತ ಕರ್ನಲ್. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ತಮ್ಮ ಹುಟ್ಟಿದಾಗ ತಾನು ಹೊಸ್ತಿಲ ಬಳಿ ಕೂತಿದ್ದೆ, ಎಲ್ಲವೂ ನೆನಪಿದೆ ಎಂದು ಅಣ್ಣ ಬರೆದಿದ್ದ. ತಾನು ಸುಳ್ಳುಗಾರನಲ್ಲ ಎಂಬುದಕ್ಕೆ ಸಾಕ್ಷಿಯಾಗಿ ತನ್ನ ಶಾಲೆಯ ಸರ್ಟಿಫಿಕೇಟನ್ನೂ ಲಗತ್ತಿಸಿದ್ದ.

ಹೆಡ್‌ಮಾಸ್ತರರು ಏಳಕ್ಕೆ ಇಳಿಸಿದ ಅದೇ ಸರ್ಟಿಫಿಕೇಟು.

ಕರ್ನಲ್ ಸಾಹೇಬರು ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದರು. ಶಾಲೆಗೆ ಸೇರಿದ ದಿನ ನಿನಗೆ ಎಂಟು ಎನ್ನುತ್ತೀಯ, ನಿನ್ನಣ್ಣನಿಗೆ ಏಳು ಎಂದು ಇಲ್ಲಿದೆ ಎಂದರು. ಆಮೇಲೆ ಬಹಳ ಸೌಮ್ಯವಾಗಿ ಕೇಳಿದರು: "ನಿನಗಿಂತ ಒಂದು ವರ್ಷ ಚಿಕ್ಕವನಾದ ಅಣ್ಣ, ನೀನು ಹುಟ್ಟುವಾಗ ಹೊಸ್ತಿಲಲ್ಲಿ ಹೇಗೆ ಕೂತಿದ್ದ?"

ನಾನು ಹೆಡ್‌ಮಾಸ್ತರರ ಕಥೆ ಹೇಳಲು ಹೊರಟೆ. ಅಷ್ಟರಲ್ಲಿ ಅವರು ಎರಡನೆಯ ಪ್ರಶ್ನೆ ಹಾಕಿದರು. ಸೈನ್ಯಕ್ಕೆ ಸೇರುವಾಗ ಯಾವ ವಯಸ್ಸು ಬರೆದುಕೊಟ್ಟಿದ್ದೆ? ಆಗ ಸುಳ್ಳು ಹೇಳಿದ್ದೆಯಾ, ಈಗ ಹೇಳುತ್ತಿದ್ದೀಯಾ?

ಹದಿನಾರು ವರ್ಷದ ನೌಕರಿ ನನ್ನ ಕಾಲುಗಳಲ್ಲಿ ಇನ್ನೂ ಇತ್ತು. ಮೆದುಳಿಗಿಂತ ಮೊದಲು ಅವು ಎದ್ದು ನಿಂತವು. ಎದೆ ಸೆಟೆಸಿ, ಹಿಮ್ಮಡಿ ಜೋಡಿಸಿ ಹೇಳಿದೆ: "ಸಾಬ್, ನನಗೆ ನಲವತ್ತೆಂಟೇ, ಸಾಬ್."

ಹಾಗೆಂದು ಬರೆದು ಸಹಿ ಹಾಕು ಎಂದರು. ಹಾಕಿದೆ.

ಮನೆಗೆ ಬಂದು ಹೇಳಿದಾಗ ಸರೋಜ ನಗಲಿಲ್ಲ. ಬಿಟ್ಟುಬಂದ ಮುಖ್ಯ ಪಂದ್ಯಮಾಲೆಗೆ ವಾಪಸು ಹೋಗಬಹುದೇ ಎಂದು ಕೇಳಿದಳು. ಹೋಗಲು ಅರ್ಹತಾ ಪಂದ್ಯ ಆಡಬೇಕಿತ್ತು. ಆಡಿದೆ. ಮೂರನೇ ತರಗತಿಯಿಂದ ನೇರವಾಗಿ ಬಂದವನಂತಿದ್ದ ಹುಡುಗನೊಬ್ಬ ನನ್ನನ್ನು ಹಿಂದಿಕ್ಕಿ, ಉಳಿದಿದ್ದ ಕೊನೆಯ ಜಾಗ ಹಿಡಿದ. ಹೀಗೆ ನಾನು ಹಿರಿಯರಿಗೆ ಕಿರಿಯನಾಗಿ, ಕಿರಿಯರಿಗೆ ಹಿರಿಯನಾಗಿ, ಎರಡು ವರ್ಷ ಎಲ್ಲಿಯೂ ಸಲ್ಲದೆ ಉಳಿದೆ.

ರಾಮ್‌ಪಾಲ್ ಒಬ್ಬನೇ ಹೋದ. ಹೋದ ಊರಿನಿಂದೆಲ್ಲ ಫೋನ್ ಮಾಡುತ್ತಿದ್ದ. ಜೈಪುರದಲ್ಲಿ ಗಾಳಿ ಹೇಗಿತ್ತು, ಕೋಲ್ಕತ್ತದಲ್ಲಿ ಹುಲ್ಲು ಎಷ್ಟು ಒದ್ದೆಯಿತ್ತು, ಕೋಣೆಯ ಇನ್ನೊಂದು ಮಂಚ ಖಾಲಿ ಇದೆ, ಎಲ್ಲ ಹೇಳುತ್ತಿದ್ದ. ನಾನು ನೋಯ್ಡಾದಲ್ಲಿ ಮ್ಯಾನೇಜರೊಬ್ಬನ ಮೊಣಕೈ ನೇರ ಮಾಡುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಫೋನ್ ಇಟ್ಟಮೇಲೆ ಆ ಮೊಣಕೈಯನ್ನು ಇನ್ನಷ್ಟು ಜೋರಾಗಿ ನೇರ ಮಾಡುತ್ತಿದ್ದೆ.

ಎರಡನೆಯ ಚಳಿಗಾಲದಲ್ಲಿ ಪಂದ್ಯ ನೋಯ್ಡಾಕ್ಕೇ ಬಂತು. ರಾಮ್‌ಪಾಲನ ಚೀಲ ಹೊರುವವನಿಗೆ ಜ್ವರ. ನೀನು ಬರುತ್ತೀಯಾ ಎಂದು ಕೇಳಿದ. ಆಡಲು ಬಿಡದಿದ್ದರೇನು, ಹುಲ್ಲಿನ ಮೇಲೆ ನಡೆಯಲು ಬಿಡುತ್ತಾರಲ್ಲ ಎಂದು ಒಪ್ಪಿದೆ. ಮೂರು ದಿನ ಅವನು ಆಡಿದಂಥ ಆಟ ನಾನು ಮೊದಲು ನೋಡಿರಲಿಲ್ಲ. ಕೊನೆಯ ಗುಳಿಗೆ ಬಂದಾಗ ಅವನ ಚೆಂಡು ಗುಳಿಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ಅದನ್ನು ಸುಮ್ಮನೆ ತಟ್ಟಿದರೆ ಮೊದಲ ಸ್ಥಾನದಲ್ಲಿದ್ದವನಿಗೆ ಸಮನಾಗುತ್ತಾನೆ. ಆಮೇಲೆ ಇಬ್ಬರೂ ಇನ್ನೊಂದು ಗುಳಿ ಆಡಿ ಗೆಲುವು ತೀರ್ಮಾನವಾಗಬೇಕು.

ಈಗ ಒಂದು ಮಾತು. ಗೆಳೆಯರ ಆಟದಲ್ಲಿ ಅಷ್ಟು ಹತ್ತಿರ ಬಂದ ಚೆಂಡನ್ನು ಯಾರೂ ಹೊಡೆಯುವುದಿಲ್ಲ. ಆಯಿತು, ಬಿದ್ದ ಹಾಗೇ ಎಂದು ಎತ್ತಿಕೊಟ್ಟುಬಿಡುತ್ತಾರೆ. ಎರಡು ವರ್ಷದಿಂದ ನಾನು ಆಡಿದ್ದೆಲ್ಲ ಮ್ಯಾನೇಜರುಗಳ ಜೊತೆ, ಅಂಥದೇ ಆಟ. ಪಂದ್ಯದಲ್ಲಿ ಮಾತ್ರ ಹಾಗೆ ಮುಟ್ಟಿದರೆ ಒಂದು ಹೊಡೆತದ ದಂಡ, ಕಡಿಮೆ ಹೊಡೆತದವನು ಗೆಲ್ಲುವ ಆಟದಲ್ಲಿ ಲೆಕ್ಕಕ್ಕೆ ಒಂದು ಹೆಚ್ಚು.

ನಾನು ಬಗ್ಗಿ, ಚೆಂಡನ್ನು ಎತ್ತಿ, ಅಂಗಿಗೆ ಒರೆಸಿ, ಶಾಬಾಶ್ ಎಂದು ರಾಮ್‌ಪಾಲನ ಕೈಗಿಟ್ಟೆ.

ಸುತ್ತ ನಿಂತವರ ಮುಖ ನೋಡಿದಾಗಲೇ ನಾನು ಏನು ಮಾಡಿದ್ದೇನೆಂದು ತಿಳಿದದ್ದು. ರಾಮ್‌ಪಾಲ್ ಅಂಗೈಯಲ್ಲಿದ್ದ ಚೆಂಡನ್ನು ಸ್ವಲ್ಪ ಹೊತ್ತು ನೋಡಿದ. ಅಧಿಕಾರಿ ಬಂದರು. ಚೆಂಡನ್ನು ಇದ್ದಲ್ಲೇ ಇಡಿಸಿದರು, ದಂಡ ಬರೆದುಕೊಂಡರು. ಅವನು ಒಂದು ಹೊಡೆತದಿಂದ ಎರಡನೆಯವನಾದ. ಇನ್ನೊಂದು ಗುಳಿ ಆಡಿದ್ದರೆ ಗೆಲ್ಲುತ್ತಿದ್ದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಗೊತ್ತಾಗದಂತೆ ಮಾಡಿದವನು ನಾನು.

ಸ್ಕೂಟರ್ ನಿಲ್ಲಿಸಿದ್ದ ಕಡೆಗೆ ಇಬ್ಬರೂ ನಡೆದೆವು. ಬೈದಿದ್ದರೆ ಹಗುರವಾಗುತ್ತಿತ್ತು. ಅವನು ಚೀಲವನ್ನು ನನ್ನ ಹೆಗಲಿನಿಂದ ಇಳಿಸಿಕೊಂಡು, "ಯಾರ್, ಬೇಗ ಐವತ್ತಾಗು. ಈ ಚೀಲ ಹೊರುವ ಕೆಲಸ ನಿನಗೆ ಆಗಿಬರುವುದಿಲ್ಲ" ಎಂದ.

ಮುಂದಿನ ಜೂನ್ ಒಂದಕ್ಕೆ ನನಗೆ ಕಾನೂನುಬದ್ಧವಾಗಿ ಐವತ್ತು ತುಂಬಿತು. ಈ ಸಲ ಲಾಡು ಹಂಚಲಿಲ್ಲ. ಹಂಚಿದ್ದರೆ, ಎಷ್ಟು ಸಲ ಐವತ್ತು ತುಂಬುತ್ತದೆ ಎಂದು ಶರ್ಮಾಜಿ ಕೇಳಿಬಿಡುತ್ತಿದ್ದರು. ಆದರೆ ಆ ಬೇಸಿಗೆಯಲ್ಲೇ ರಾಮ್‌ಪಾಲನ ಮಂಡಿ ಕೈಕೊಟ್ಟಿತು. ಡಾಕ್ಟರು ಆಟ ಸಾಕು ಎಂದರು. ಅವನು ರೋಹ್ಟಕ್ ಹತ್ತಿರದ ತನ್ನ ಹಳ್ಳಿಗೆ ಹೋದ. ನನ್ನ ಮೊದಲ ಸೀನಿಯರ್ ಪಂದ್ಯದಲ್ಲಿ ಆಟಗಾರರ ಪಟ್ಟಿ ಅಂಟಿಸಿದಾಗ, ಗೊತ್ತಿದ್ದರೂ, ಅವನ ಹೆಸರನ್ನು ಎರಡು ಸಲ ಹುಡುಕಿದೆ.

ನನ್ನ ಸರದಿ ಬಂದಾಗ ಮೈಕಿನಲ್ಲಿ ಕೂಗಿದರು: ಮುನಿರಾಜು, ಬೆಂಗಳೂರು. ಎರಡು ವರ್ಷದಿಂದ ಯಾರೂ ಹಾಗೆ ಕೂಗಿರಲಿಲ್ಲ. ಕಣ್ಣು ಮಂಜಾಯಿತು. ಮಂಜಿನಲ್ಲೇ ಹೊಡೆದೆ. ಚೆಂಡು ಮುಳ್ಳುಜಾಲಿಯ ಪೊದೆಗೆ ಹೋಯಿತು, ನಾನೂ ಹಿಂದೆಯೇ ಹೋದೆ. ಸಂಜೆ ಹೊರಬಂದಾಗ ಮೂವತ್ತೆಂಟು ಜನರಲ್ಲಿ ಮೂವತ್ತೇಳನೆಯವನಾಗಿದ್ದೆ. ಮೂವತ್ತೆಂಟನೆಯವರು ಸೊಂಟ ಹಿಡಿದುಕೊಂಡು ಅರ್ಧಕ್ಕೇ ಮನೆಗೆ ಹೋಗಿದ್ದರು. ರಾಮ್‌ಪಾಲನಿಗೆ ಫೋನ್ ಮಾಡಿದೆ. ಎಷ್ಟನೆಯವನಾದೆ ಎಂದು ಅವನು ಕೇಳಲಿಲ್ಲ. ಹುಲ್ಲು ಹೇಗಿದೆ ಎಂದು ಕೇಳಿದ. ಚೆನ್ನಾಗಿದೆ ಎಂದೆ. ಎಷ್ಟು ಚೆನ್ನಾಗಿದೆ ಎಂದ. ಮೊದಲನೆಯ ಗುಳಿಯಿಂದ ಹದಿನೆಂಟನೆಯದರವರೆಗೆ ಹೇಳುತ್ತಾ ಹೋದೆ. ಅವನು ಹೂಂ ಹೂಂ ಎನ್ನುತ್ತಾ ಕೇಳಿಸಿಕೊಂಡ.

ಆಮೇಲೆ ನಾಲ್ಕು ವರ್ಷ ಆಡಿದೆ. ಸೀನಿಯರ್ ಸರ್ಕಿಟ್ ಎಂದರೆ, ಚಳಿಗಾಲದ ಬೆಳಿಗ್ಗೆ ಶಾಲು ಹೊದ್ದ ಇಪ್ಪತ್ತು ಮೂವತ್ತು ಮುದುಕರು ಮಂಜು ಕರಗಲಿ ಎಂದು ಕಾಯುತ್ತಾ ರಕ್ತದೊತ್ತಡದ ಮಾತ್ರೆಗಳನ್ನು ಹೋಲಿಸಿ ನೋಡುವುದು. ಅಭ್ಯಾಸದ ಜಾಗಕ್ಕಿಂತ ಮಾಲೀಸು ಮಾಡುವವನ ಮುಂದೆ ಸಾಲು ಉದ್ದ. ಆದರೂ ಮಂಜು ಸರಿದು, ಹುಲ್ಲು ಹೊಳೆದು, ಮೊದಲ ಹೆಸರು ಕೂಗಿದೊಡನೆ ಎಲ್ಲರ ಬೆನ್ನೂ ನೇರವಾಗುತ್ತಿತ್ತು. ಪ್ರತಿಯೊಬ್ಬನಿಗೂ ಈ ಸಲ ನನ್ನದೇ ಎಂಬ ನಂಬಿಕೆ. ನನಗೂ ಇತ್ತು. ಒಂದು ಸಲ ನಾಲ್ಕನೆಯವನಾದೆ. ಅದೇ ನನ್ನ ಶಿಖರ.

ಐದನೆಯ ಚಳಿಗಾಲದಲ್ಲಿ ಬಲಗೈ ಭುಜದ ಮೇಲೆ ಏಳುವುದು ನಿಂತಿತು. ಡಾಕ್ಟರಿಗಿಂತ ಮೊದಲು ಸರೋಜ ಹೇಳಿದಳು, ಇನ್ನು ಸಾಕು. ನೋಯ್ಡಾದ ಪಂದ್ಯವೇ ಕೊನೆಯದು ಎಂದು ನಿರ್ಧರಿಸಿದೆ. ಇಷ್ಟು ವರ್ಷದಲ್ಲಿ ಅವಳು ನನ್ನ ಆಟ ನೋಡಲು ಒಮ್ಮೆಯೂ ಬಂದಿರಲಿಲ್ಲ. ಒಮ್ಮೆ ಹಗಲು ಡ್ಯೂಟಿ, ಒಮ್ಮೆ ಮಗಳ ಪರೀಕ್ಷೆ. ಆ ದಿನ ರಜೆ ಹಾಕಿ, ಬಿಸಿನೀರಿನ ಫ್ಲಾಸ್ಕ್ ಹಿಡಿದು ಬಂದು, ಹದಿನೆಂಟು ಗುಳಿಗಳನ್ನೂ ಚಪ್ಪಲಿ ಹಾಕಿಕೊಂಡೇ ನಡೆದಳು. ನಾನು ಆಡಿದ್ದನ್ನು ವರ್ಣಿಸುವುದಿಲ್ಲ.

ಕೊನೆಯ ಗುಳಿಯ ಮುಂದೆ ನನ್ನ ಚೆಂಡು ಎರಡು ಮಾರು ದೂರದಲ್ಲಿತ್ತು. ಎದುರಾಳಿಗಳು ಆಗಲೇ ಮುಗಿಸಿ ಕೈ ಕಟ್ಟಿ ನಿಂತಿದ್ದರು. ಬಿಸಿಲು ಇಳಿಯುತ್ತಿತ್ತು. ಕೋಲು ಹಿಡಿದು ಬಗ್ಗಿದವನು ಹಾಗೇ ಬಹಳ ಹೊತ್ತು ನಿಂತುಬಿಟ್ಟೆ. ಬೇಗ ಆಡಿ ಎಂದು ಅಧಿಕಾರಿ ಎರಡು ಸಲ ಕೆಮ್ಮಿದರು.

ವಾಪಸು ಬರುವಾಗ ಸ್ಕೂಟರಿನ ಹಿಂದಿನಿಂದ ಸರೋಜ ಕೇಳಿದಳು, "ಕೊನೇಲಿ ಯಾಕ್ರೀ ಅಷ್ಟು ಹೊತ್ತು ನಿಂತಿದ್ರಿ? ಎಲ್ಲ ನಿಮ್ಮನ್ನೇ ನೋಡ್ತಿದ್ರು."

ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಇದ್ದದ್ದನ್ನೇ ಹೇಳಿದೆ. "ಹೊಡೆದರೆ ಮುಗಿದುಹೋಗುತ್ತಲ್ಲ ಅನ್ನಿಸ್ತು."

ಅವಳು ನನ್ನ ಹೆಗಲ ಮೇಲೆ ಕೈಯಿಟ್ಟಳು. ನೋಯುವ ಹೆಗಲಲ್ಲ, ಇನ್ನೊಂದು. ಆಮೇಲೆ ಹೇಳಿದಳು: "ಎಲ್ಲಿ ಮುಗೀತು? ಅದಾದ ಮೇಲೂ ಮೂರು ಸಲ ಹೊಡೆದ್ರಲ್ಲ."

ಮೂರಲ್ಲ, ನಾಲ್ಕು. ನಾನು ತಿದ್ದಲು ಹೋಗಲಿಲ್ಲ.